ಆರು ಮಂದಿಗೆ ಒಂದೇ ಬಗ್ಲೂಸು

ನಾನು ಯಾರ ತಾಳಕ್ಕೂ ಕುಣಿಯೋ ಮನುಷ್ಯ ಅಲ್ಲ. ಇದನ್ನ ಮೊದಲಿಗೇ ಹೇಳಿಬಿಡ್ತೇನಿ. ನೌಕರಿಗೆ ಸೇರಿದ ದಿನ ನನ್ನ ಹೆಂಡತಿ ನೀಲಮ್ಮಗೂ ಇದನ್ನೇ ಹೇಳಿದ್ದೆ.

"ನೋಡು, ಕಚೇರಿ ಅಂದ್ರ ಹತ್ತು ಥರದ ಮಂದಿ ಇರ್ತಾರ. ಅವ್ರು ಹೆಂಗರ ಇರ್ಲಿ, ನಾ ಮಾತ್ರ ನನ್ನ ದಾರಿ ಬಿಡಾಂವಲ್ಲ!"

ಆಕಿ ಒಲಿ ಮುಂದ ಕೂತು ರೊಟ್ಟಿ ಬಡಿಯಾಕತ್ತಿದ್ಲು. "ಹೌದ್ರಿ" ಅಂದ್ಲು. ಆ 'ಹೌದ್ರಿ'ಯೊಳಗ ಎಳ್ಳಷ್ಟೂ ನಂಬಿಕಿ ಇರಲಿಲ್ಲ ಅನ್ನೋದು ನನಗ ಆವತ್ತು ತಿಳೀಲಿಲ್ಲ.

ಇದು ನಿಜಾಮಶಾಹಿ ಕಾಲದ ಮಾತು. ನಂದು ತಹಸೀಲ ಕಚೇರ್ಯಾಗ ಅಹಲ್ಕಾರಕಿ, ಅಂದ್ರ ಕಾರಕೂನಿಕಿ. ಯಾವ ಊರಿನ ಕಚೇರಿ ಅಂತ ಮಾತ್ರ ಕೇಳಬ್ಯಾಡ್ರಿ. ಆಳಂದ, ಅಫಜಲಪುರ, ಜೇವರ್ಗಿ ಈ ಮೂರರ ಸುತ್ತಮುತ್ತ ಎಲ್ಲ್ಯೋ ಒಂದು ಕಡಿ ಅಂತ ತಿಳಕೊಳ್ರಿ. ಹೆಸರು ಹೇಳಿದ್ರ ಈಗಿನ ಹುಡುಗರು ಅಲ್ಲಿ ಹೋಗಿ ಬಾಗಿಲ ಹಿಂದ ಮೊಳಿ ಹುಡುಕಾಕ ನಿಂತಾರು. ಯಾಕಂದ್ರ ಈ ಕಥಿ ಎಲ್ಲಾ ಆ ಮೊಳಿಗೇ ಜೋತು ಬಿದ್ದದ.

ಮೊದ್ಲು ನನ್ನ ಪರಿಸ್ಥಿತಿ ಹೇಳ್ತೇನಿ. ನಂದು ಹಂಗಾಮಿ ನೌಕರಿ. ಎರಡು ವರ್ಷದಿಂದ 'ಇವತ್ತು ಖಾಯಂ ಆಗ್ತದ, ನಾಳೆ ಖಾಯಂ ಆಗ್ತದ' ಅಂತ ಕಾಯಾಕತ್ತಿದ್ದೆ. ಖಾಯಂ ಮಾಡೋರು ತಾಲೂಕದಾರ ಸಾಹೇಬ್ರು, ಇಡೀ ಜಿಲ್ಲಾಕ್ಕ ದೊಡ್ಡವ್ರು. ಅವ್ರು ತಪಾಸಣಿಗೆ ಬಂದಾಗ ನಮ್ಮನ್ನ ನೋಡಿ 'ಬರೋಬ್ಬರಿ ಅದಾನ' ಅಂತ ಒಂದು ಸಾಲು ಬರದ್ರ ಬದುಕಿದೆ. 'ಬ್ಯಾಡ' ಅಂತ ಬರದ್ರ, ಗಂಟು ಮೂಟಿ ಕಟ್ಟಿಕೊಂಡು ಅತನೂರಿಗೆ, ಮಾವನ ಮನಿಗೆ! ನಮ್ಮ ಮಾವನವ್ರು ಬಾಯಿ ಸಣ್ಣ ಮಾಡಿ ಮಾತಾಡೋರಲ್ಲ. "ನೌಕರಿ ಪಕ್ಕಾ ಆಗ್ಲಿಲ್ಲಂದ್ರ ಚಿಂತಿ ಮಾಡಬ್ಯಾಡ್ರಿ ಅಳಿಯಂದ್ರ, ನಮ್ಮ ಮನ್ಯಾಗ ಮೂರು ಎಮ್ಮಿ ಅದಾವ" ಅಂತ ಎಲ್ಲಾರ ಮುಂದನೇ ಅಂದಿದ್ರು. ಅವ್ರು ಹಂಗಂದಾಗ ನೀಲಮ್ಮ ತಲಿ ತಗ್ಗಿಸಿದ್ಲು. ಆಕಿ ಹಂಗ ತಲಿ ತಗ್ಗಿಸಿದ್ದು ನನ್ನ ಎದಿಗೆ ಮುಳ್ಳಿನಂಗ ಚುಚ್ಚಿತ್ತು.

ಆದ್ರೂ ಮಾವನವ್ರು ಕೆಟ್ಟವ್ರಲ್ಲ. ನಾ ನೌಕರಿಗೆ ಸೇರಿದಾಗ ಕಲಬುರ್ಗಿ ಪ್ಯಾಟಿಗೆ ಹೋಗಿ ನನಗೊಂದು ಬಗ್ಲೂಸು ತಂದುಕೊಟ್ರು. ಬಗ್ಲೂಸು ಅಂದ್ರ ಶೇರವಾನಿ ಮ್ಯಾಲ ನಡಕ್ಕ ಕಟ್ಟೋ ಪಟ್ಟಾ. ನಂದು ಅಸಲ ತೊಗಲಿಂದು, ಮುಂದ ಹಿತ್ತಾಳಿ ಬಿಲ್ಲೆ. ಆ ಕಾಲದಾಗ ತಲಿ ಮ್ಯಾಲ ದಸ್ತಾರ, ನಡದಾಗ ಬಗ್ಲೂಸು ಇಲ್ಲದ ದೊಡ್ಡ ಸಾಹೇಬ್ರ ಮುಂದ ನಿಂದರೋದು ಅಂದ್ರ ದೊಡ್ಡ ಬೇಅದಬಿ. ಬರೇ ಮೈಲೆ ನಿಂತಂಗ!

ಮೊದಲನೇ ದಿನ ನಾ ಬಗ್ಲೂಸು ಕಟ್ಟಿ, ಬಿಲ್ಲೆ ಥಳಥಳ ಹೊಳೆಸಿಕೋತ ಕಚೇರಿಗೆ ಹೋದೆ. ಒಳಗ ಕಾಲಿಟ್ಟ ಕೂಡ್ಲೇ ಐದು ತಲಿ ಎದ್ವು.

"ಅರೆ, ತಾಲೂಕದಾರ ಸಾಹೇಬ್ರು ಬಂದ್ರಲ್ಲೋ! ಎದ್ದು ನಿಂದರ್ರಿ!" ಅಂದ್ರು ಗುಂಡೇರಾಯರು. ಇವ್ರು ನಮ್ಮೊಳಗ ಹಿರೇರು, ಕಡ್ಡಿಯಂಥ ಮನುಷ್ಯ, ನಾಲಿಗಿ ಮಾತ್ರ ಚಾಟಿ. ಐದೂ ಮಂದಿ ಖರೇನೇ ಎದ್ದು ನಿಂತು ನನಗ ಆದಾಬ ಮಾಡಿದ್ರು!

ನನ್ನ ಮಾರಿ ಬದ್ನೀಕಾಯಿ ಆತು. ಆಮ್ಯಾಲ ಬಾಜೂಕ ಕೂಡೋ ಅಮೀನಸಾಬರು ಕಿವ್ಯಾಗ ಹೇಳಿದ್ರು. ಅಮೀನಸಾಬರು ದುಂಡಗ, ಗುಡಾಣದಂಗ ಇದ್ರು, ಮನಸು ಭಾಳ ಮೆತ್ತಗ. "ತಮ್ಮಾ, ಇಲ್ಲಿ ಯಾರೂ ತಮ್ಮದು ಅಂತ ಕಟ್ಟಂಗಿಲ್ಲ. ಅಲ್ಲಿ ನೋಡು."

ಸಾಹೇಬ್ರ ಖೋಲಿ ಬಾಗಿಲ ಹಿಂದ ಒಂದು ಮೊಳಿ. ಮೊಳಿಗೆ ಒಂದು ಬಗ್ಲೂಸು. ಇಡೀ ಕಚೇರಿಗೆ ಅದೊಂದೇ! ತಹಸೀಲದಾರ ಸಾಹೇಬ್ರು ಯಾರನ್ನ ಕರೀತಾರೋ ಅವ್ರು ಅದನ್ನ ನಡಕ್ಕ ಬಿಗಿದು ಒಳಗ ಹೋಗೋದು, ಹೊರಗ ಬಂದು ಬಿಚ್ಚಿ ಮುಂದಿನವ್ರಿಗೆ ಕೊಡೋದು. ಗುಂಡೇರಾಯರಿಗೆ ಕಡೀ ತೂತು, ಅಮೀನಸಾಬರಿಗೆ ಮೊದಲನೇ ತೂತು. ಅಮೀನಸಾಬರು ಉಸಿರು ಬಿಗಿ ಹಿಡದೇ ಒಳಗ ಹೋಗಬೇಕು, ಹಿಂಗಾಗಿ ಅವ್ರ ಅಹವಾಲು ಯಾವಾಗ್ಲೂ ಎರಡೇ ಮಾತಿನ್ಯಾಗ ಮುಗೀತಿತ್ತು. ತಹಸೀಲದಾರ ಸಾಹೇಬ್ರಿಗೂ ಇದು ಗೊತ್ತಿತ್ತಂತ ಕಾಣ್ತದ. ಎದುರಿಗೆ ನಿಂತಾಂವನ ನಡದಾಗ ಇದ್ರ ಆತು ಅಂತ ಸುಮ್ಮನಿದ್ರು.

ಮರುದಿನದಿಂದ ನನ್ನ ಬಗ್ಲೂಸು ಮನ್ಯಾಗ ಟ್ರಂಕಿನ ತಳಕ್ಕ ಸೇರ್ತು.

"ಯಾಕ್ರಿ, ಅಪ್ಪ ಕೊಟ್ಟಿದ್ದು ಕಟ್ಟಂಗಿಲ್ಲೇನು?" ಅಂದ್ಲು ನೀಲಮ್ಮ.

"ಕಚೇರ್ಯಾಗ ಎಲ್ಲಾರೂ ಒಂದನ್ನೇ ಕಟ್ತಾರ. ಅದು ಅಲ್ಲಿ ರಿವಾಜು."

"ನೀವು ನಿಮ್ಮ ದಾರಿ ಬಿಡಂಗಿಲ್ಲ ಅಂದಿದ್ರಿ?"

"ಬಿಟ್ಟಿಲ್ಲ! ಅವ್ರೆಲ್ಲಾ ನನ್ನ ದಾರ್ಯಾಗನೇ ಹೊಂಟಾರ, ಏನ್ ಮಾಡ್ಲಿ?" ಅಂದೆ. ಆಕಿ ಬಾಯಿಗೆ ಸೆರಗು ಹಚ್ಚಿಕೊಂಡ್ಲು.

ಇಷ್ಟಕ್ಕೇ ಮುಗೀಲಿಲ್ಲ. ಕಚೇರಿ ಕಾರಭಾರ ಎಲ್ಲಾ ಉರ್ದುದಾಗ. ನನ್ನ ಉರ್ದು ಅಂದ್ರ ಕುಂಟೋ ಎತ್ತು, ದಾರಿ ಗೊತ್ತು ನಡಿಗಿ ಇಲ್ಲ. ಅದಕ್ಕ ನಾ ಒಂದು ಉಪಾಯ ಕಂಡುಕೊಂಡೆ. ನನಗಿಂತ ಮೊದ್ಲು ನಿಂತಾಂವ ಏನಂತಾನೋ ಅದನ್ನೇ ಅಂದುಬಿಡೋದು! ಅವ ಸಹಿ ಮಾಡಿದಲ್ಲಿ ನಾನೂ ಸಹಿ. ಅವ ನಕ್ರ ನಾನೂ ನಗು. ನಮ್ಮ ಪೇಶ್ಕಾರರು, ಅಂದ್ರ ನಮಗೆಲ್ಲಾ ಮೇಸ್ತ್ರಿ ಇದ್ದಂಗ ಇದ್ದ ಖಾದರ ಸಾಹೇಬ್ರು, ಚಹಾದ ವ್ಯಾಳ್ಯಾಕ್ಕ ಶಾಯರಿ ಹೇಳೋರು. ಎಲ್ಲಾರೂ 'ವಾಹ್ ವಾಹ್' ಅಂದ ಮ್ಯಾಲ ನನ್ನದೊಂದು ಒಂಟಿ 'ವಾಹ್' ಹಿಂದಿನಿಂದ ಬರ್ತಿತ್ತು. ಒಂದಿನ ಅವ್ರು ಅದೇ ದನಿಯೊಳಗ ಏನೋ ಹೇಳಿದ್ರು, ನಾ ಈ ಸಲ ಹಿಂದ ಬೀಳಬಾರದಂತ ಎಲ್ಲಾರಿಗಿಂತ ಮೊದ್ಲೇ "ವಾಹ್!" ಅಂದೆ. ಅವ್ರು ಹೇಳಿದ್ದು ತಮ್ಮ ಅತ್ತಿ ಜಾರಿ ಬಿದ್ದು ಕಾಲು ಮುರಕೊಂಡ ಸುದ್ದಿ! ಮೂರು ದಿನ ನನ್ನ ಕೂಡ ಮಾತಾಡ್ಲಿಲ್ಲ. ಅಂದಿನಿಂದ ಪಣ ತೊಟ್ಟೆ, ಮೊದಲಿಗ ಎಂದೂ ಆಗಬಾರದು. ಸಾಲಿನ ಕಡೀಕ ನಿಂತ್ರ ತಪ್ಪು ಆಗಂಗಿಲ್ಲ.

ಹಿಂಗ ಇರಬೇಕಾದ್ರ ಸುದ್ದಿ ಬಂತು. ತಾಲೂಕದಾರ ಸಾಹೇಬ್ರು ಅಂದೋಲಾ ಕಡಿ ಮುಕ್ಕಾಮಿಗೆ ಬಂದಾರ, ನಾಡದು ನಮ್ಮ ಕಚೇರಿ ತಪಾಸಣಿ!

ಆರೂ ಮಂದಿ ಕೂತು ಸಭಾ ಮಾಡಿದ್ವಿ. ಗುಂಡೇರಾಯರು ಹೇಳಿದ್ರು, "ಎಂದಿನಂಗ ಒಬ್ಬೊಬ್ರೇ ಒಳಗ ಹೋಗೋದು, ಬಂದು ಬಗ್ಲೂಸು ಬಿಚ್ಚಿ ಕೊಡೋದು. ದೊಡ್ಡ ಸಾಹೇಬ್ರಿಗೆ ಏನ್ ತಿಳೀತದ?"

ನಾ ಅಂಜಿಕೋತ ಅಂದೆ, "ನನ್ನ ಕಡಿ ಒಂದು ಮನ್ಯಾಗ ಅದರಿ..."

ಐದು ಮಾರಿ ನನ್ನ ಕಡಿ ತಿರುಗಿದ್ವು. ಅಮೀನಸಾಬರು ಪಾಪ, ಬೇಜಾರಿಲೇ ಕೇಳಿದ್ರು, "ನಮ್ಮೊಳಗಿಂದ ಬ್ಯಾರೆ ಆಗ್ತಿಯೇನು ತಮ್ಮಾ?"

"ಇಲ್ರಿ! ಅದು ಟ್ರಂಕಿನ್ಯಾಗ ಅದ ಅಂತ ಹೇಳಿದೆ ಅಷ್ಟೇ. ಅಲ್ಲೇ ಇರ್ತದರಿ!" ಅಂದೆ. ಎಲ್ಲಾರಿಗೂ ಸಮಾಧಾನ ಆತು. ನನ್ನ ನೌಕರಿ ಅವತ್ತೇ ಅರ್ಧ ಹೋತು.

ಮನಿಗೆ ಬಂದು ನೀಲಮ್ಮಗ ಹೇಳಿದೆ. ಆಕಿ ಸಿಟ್ಟಿಗೆದ್ಲು. "ಅವ್ರೆಲ್ಲಾ ಖಾಯಂ ಆದವ್ರು ಇದ್ದಾರ್ರಿ! ಅವ್ರಿಗೆ ಬೈಗುಳ ಬಿದ್ರ ಒರಸಿಕೊಂಡು ಹೋಗ್ತಾರ. ನಿಮಗ ಬಿದ್ರ? ನನಗ ಅತನೂರಿಗೆ ಹೋಗಿ ಅಪ್ಪನ ಕೈ ನೋಡೋದು ಬ್ಯಾಡ್ರಿ. ಇದು ಒಂದೇ ಖೋಲಿ ಇದ್ರೂ ನಂದು." ಆಕಿ ಕಣ್ಣಾಗ ನೀರು ಬಂತು.

ಮರುದಿನ ಎಂದಿನಂಗ ಬುತ್ತಿ ಗಂಟು ತಗೊಂಡು ಕಚೇರಿಗೆ ಹೋದೆ. ಗಂಟು ಎಂದಿಗಿಂತ ಭಾರ ಇತ್ತು. ರೊಟ್ಟಿ ಹೆಚ್ಚು ಕಟ್ಟ್ಯಾಳ, ಸಿಟ್ಟು ಇಳದದ ಅಂತ ಖುಷಿ ಪಟ್ಟೆ.

ಹನ್ನೆರಡು ಹೊಡೀತು. ಗುಂಡೇರಾಯರು ಎಲಿ ಅಡಿಕಿ ಚೀಲ ಬಿಚ್ಚಿದ್ರು. ಅಮೀನಸಾಬರು ಸಣ್ಣಗ ಗೊರಕಿ ಶುರು ಮಾಡಿದ್ರು. ಅಷ್ಟರಾಗ ಹೊರಗಿಂದ ಚಪರಾಸಿ ಓಡಿ ಬಂದು ಬಾಗಿಲಾಗ ನಿಂತ. ಏದುಸಿರು ಬಿಡ್ಕೋತ ಅಂದ:

"ದೊ... ದೊಡ್ಡ ಸಾಹೇಬ್ರು! ಕಟ್ಟಿ ಮ್ಯಾಲ ಬಂದಾರ!"

ನಾಡದು ಬರಬೇಕಾದವ್ರು ಒಂದಿನ ಮೊದ್ಲೇ ಬಂದಿದ್ರು!

ಕಚೇರ್ಯಾಗ ಹಾವು ಹೊಕ್ಕಂಗ ಆತು. ಪೇಶ್ಕಾರರು ಒಂದೇ ಜಿಗಿತಕ್ಕ ಬಾಗಿಲ ಹಿಂದಿನ ಬಗ್ಲೂಸು ಹಿಡದ್ರು. ಗುಂಡೇರಾಯರೂ ಹಿಡದ್ರು. ಎರಡು ಸಲ ಜಗ್ಗಾಡಿದ ಮ್ಯಾಲ ದರ್ಜೆ ಗೆದ್ದಿತು. ಬಗ್ಲೂಸು ಪೇಶ್ಕಾರರ ಪಾಲಾತು.

ನಾ ಬುತ್ತಿ ಗಂಟನ್ನ ಮೇಜಿನ ಕೆಳಗ ದಬ್ಬಾಕ ಹೋದೆ. ಗಂಟು ಬಿಚ್ಚಿಕೊಂಡು ಎರಡು ರೊಟ್ಟಿ ಉರುಳಿದ್ವು, ಅದರ ನಡುವ ಏನೋ ಹೊಳೀತು. ನನ್ನ ಬಗ್ಲೂಸು! ನೀಲಮ್ಮ ಸದ್ದಿಲ್ಲದ ಬುತ್ತಿಯೊಳಗ ಇಟ್ಟು ಕಟ್ಟಿದ್ಲು. ಬಿಲ್ಲೆ ತುಂಬ ಶೇಂಗಾ ಹಿಂಡಿ, ಅಂದ್ರ ಚಟ್ನಿಪುಡಿ, ಮೆತ್ತಿತ್ತು. ಖರೇ ಹೇಳ್ತೇನಿ, ಆಗ ನನಗ ಸಂಗಾತಿಗಳು ನೆನಪಾಗ್ಲಿಲ್ಲ, ಮಾತು ಕೊಟ್ಟಿದ್ದು ನೆನಪಾಗ್ಲಿಲ್ಲ. ಎಮ್ಮಿ ನೆನಪಾದ್ವು. ಕೈ ತಾನೇ ಬಗ್ಲೂಸು ಎತ್ತಿ ನಡಕ್ಕ ಬಿಗೀತು.

ಬಿಗಿದು ತಲಿ ಎತ್ತಿ ನೋಡ್ತೇನಿ, ಎಲ್ಲಾರೂ ಆಗ್ಲೇ ಸಾಲಾಗಿ ನಿಂತಾರ. ಪೇಶ್ಕಾರರು, ಅವ್ರ ಬಾಜೂಕ ಗುಂಡೇರಾಯರು, ಅಮೀನಸಾಬರು, ನಕಲು ಬರಿಯೋ ಇಬ್ರು ಅಣ್ಣತಮ್ಮಂದ್ರು. ಪೇಶ್ಕಾರರನ್ನ ಬಿಟ್ರ ನಾಕೂ ನಡ ಖಾಲಿ! ಇವ್ರೆಲ್ಲಾ ಮುಳುಗಬೇಕಾದ್ರ ನಾನೊಬ್ಬ ದಂಡಿಗೆ ಕೂತು ನೋಡಬೇಕೇನು? ಬಿಚ್ಚಿಬಿಡೋಣಂತ ಕೈ ಹಾಕಿದೆ. ಅಷ್ಟರಾಗ ದೊಡ್ಡ ಸಾಹೇಬ್ರು ಒಳಗ ಬಂದೇಬಿಟ್ರು, ಹಿಂದ ನಮ್ಮ ತಹಸೀಲದಾರ ಸಾಹೇಬ್ರು. ನಾ ಮೇಜಿನ ಮ್ಯಾಲಿನ ಒಂದು ದಫ್ತರದ ಗಂಟು ಎತ್ತಿ ಹೊಟ್ಟಿಗೆ ಅವಚಿಕೊಂಡು ಸಾಲಿನ ಕಡೀಕ ನಿಂತೆ.

ದೊಡ್ಡ ಸಾಹೇಬ್ರು ಎತ್ತರದ ಆಳು. ಮಾತು ಕಮ್ಮಿ, ಕಣ್ಣು ದೊಡ್ಡವು. ಆ ಕಣ್ಣು ಪೇಶ್ಕಾರರ ನಡದ ಮ್ಯಾಲ ಹಾದು ಗುಂಡೇರಾಯರ ನಡಕ್ಕ ಬಂದು ನಿಂತ್ವು.

"ಬಗ್ಲೂಸ್?"

ಗುಂಡೇರಾಯರ ಬುದ್ಧಿ ನಮ್ಮ ಕಚೇರ್ಯಾಗೆಲ್ಲಾ ಚುರುಕು. ಆದ್ರ ಅವತ್ತು ಆ ಬುದ್ಧಿನೂ ರಜಾದ ಮ್ಯಾಲ ಇತ್ತಂತ ಕಾಣ್ತದ. ಅವ್ರ ಬಾಯಿಂದ ಬಂದದ್ದು ಇದು:

"ಧೋಬೀ ಕೆ ಪಾಸ್ ಹೈ, ಹುಜೂರ್."

ಅಗಸರ ಕಡಿ ಅದ! ತೊಗಲಿನ ಪಟ್ಟಾ! ಅಗಸರ ಕಡಿ!

ದೊಡ್ಡ ಸಾಹೇಬ್ರ ಒಂದು ಹುಬ್ಬು ಮ್ಯಾಲೇರ್ತು. ಮುಂದ ಅಮೀನಸಾಬರು. ಅವ್ರು ಬ್ಯಾರೆ ಏನರ ಹೇಳಬಹುದಿತ್ತು. ಮನ್ಯಾಗ ಮರ್ತೇನಿ ಅನ್ನಬಹುದಿತ್ತು, ಹರದದ ಅನ್ನಬಹುದಿತ್ತು. ಆದ್ರ ಹಂಗಂದ್ರ ಗುಂಡೇರಾಯರು ಒಬ್ರೇ ಮೂರ್ಖರಾಗ್ತಿದ್ರಲ್ಲ? ಆ ಮೆತ್ತನ್ನ ಮನಸು ಅದಕ್ಕ ಒಪ್ಪಲಿಲ್ಲ.

"ಧೋಬೀ ಕೆ ಪಾಸ್ ಹೈ, ಹುಜೂರ್."

ಇನ್ನೊಂದು ಹುಬ್ಬೂ ಏರ್ತು. ನಕಲು ಬರಿಯೋ ಅಣ್ಣ. "ಧೋಬೀ ಕೆ ಪಾಸ್ ಹೈ, ಹುಜೂರ್." ತಮ್ಮ. "ಧೋಬೀ ಕೆ ಪಾಸ್ ಹೈ, ಹುಜೂರ್." ನಕಲು ಬರಿಯೋರಲ್ರಿ, ಒಂದಕ್ಷರ ಆಚೀಚೆ ಇಲ್ಲ!

ದೊಡ್ಡ ಸಾಹೇಬ್ರು ನನ್ನ ಮುಂದ ಬಂದ್ರು. ನಾ ಆದಾಬ ಮಾಡಬೇಕಲ್ಲ? ಬಲಗೈ ಎತ್ತಿದೆ. ಎಡಗೈ ಒಂದಕ್ಕೇ ದಫ್ತರ ತಡೀಲಿಲ್ಲ. ಧಪ್ಪಂತ ಕೆಳಗ ಬಿತ್ತು. ಹೊಟ್ಟಿ ಮ್ಯಾಲ ಹಿತ್ತಾಳಿ ಬಿಲ್ಲೆ, ಶೇಂಗಾ ಹಿಂಡಿ ಸಮೇತ, ಮಟಮಟ ಮಧ್ಯಾಹ್ನದ ಬೆಳಕಿಗೆ ಮಿಂಚಿತು.

ಆ ಕ್ಷಣಕ್ಕ ನಾ ಮಾಡಬೇಕಾದದ್ದು ಏನೂ ಇರಲಿಲ್ಲ. ಸುಮ್ಮನ ನಿಂತಿದ್ರ ಸಾಕಿತ್ತು. ಬಗ್ಲೂಸು ತಾನೇ ನನ್ನ ಪರ ಮಾತಾಡ್ತಿತ್ತು. ಆದ್ರ ನನಗಿಂತ ಮೊದ್ಲು ನಿಂತ ನಾಕು ಮಂದಿ ಒಂದೇ ಮಾತು ಅಂದಿದ್ರು. ಎರಡು ವರ್ಷದ ರೂಢಿ, ನಾಲಿಗಿ ನನ್ನ ಕೇಳ್ತದೇನು? ಎದಿ ಸೆಟಿಸಿ, ಸ್ಪಷ್ಟ ದನಿಯೊಳಗ, ಎಂದೂ ಇಲ್ಲದಷ್ಟು ಚಂದ ಉರ್ದುದಾಗ ಅಂದೆ:

"ಧೋಬೀ ಕೆ ಪಾಸ್ ಹೈ, ಹುಜೂರ್!"

ದೊಡ್ಡ ಸಾಹೇಬ್ರು ನನ್ನ ಮಾರಿ ನೋಡಿದ್ರು. ನನ್ನ ನಡ ನೋಡಿದ್ರು. ಮತ್ತ ಮಾರಿ ನೋಡಿದ್ರು. ಬೆಳ್ಳಿ ಕಟ್ಟಿದ ಬೆತ್ತದ ತುದಿಲೆ ಬಿಲ್ಲೆ ಮುಟ್ಟಿ ಕೇಳಿದ್ರು, "ಮತ್ತ ಇದು ಏನು?"

"ಬಗ್ಲೂಸು, ಹುಜೂರ್."

"ಹಂಗಾರ ಧೋಬಿ ಕಡಿ ಇರೋದು?"

"ಅದೂ ಇದೇ, ಹುಜೂರ್."

ತಹಸೀಲದಾರ ಸಾಹೇಬ್ರು ದಸ್ತಿ ತಗದು ಮಾರಿ ಮುಚ್ಚಿಕೊಂಡ್ರು. ಅವ್ರು ನಗಾಕತ್ತಿದ್ರೋ ಅಳಾಕತ್ತಿದ್ರೋ ನನಗ ಇವತ್ತಿಗೂ ಗೊತ್ತಿಲ್ಲ.

"ಆ ಧೋಬಿನ್ನ ಕರೀರಿ!" ಅಂದ್ರು ದೊಡ್ಡ ಸಾಹೇಬ್ರು.

ಮುಗೀತು ಕಥಿ! ಊರಿನ ಅಗಸ ಸಾಯಬಣ್ಣ, ಹಳ್ಳದ ದಂಡಿಲಿಂದ ಮೊಳಕಾಲ ತನಕ ತೊಯ್ದ ಧೋತರದಾಗೇ ಓಡಿ ಬಂದ. ಅವಗ ಪಾಪ ಏನೂ ಗೊತ್ತಿಲ್ಲ. ದೊಡ್ಡ ಸಾಹೇಬ್ರು ಕೇಳಿದ್ರು, "ಇವ್ರ ಬಗ್ಲೂಸು ನಿನ್ನ ಕಡಿ ಅದಾವೇನು?"

ಸಾಯಬಣ್ಣ ನಮ್ಮ ಸಾಲು ನೋಡಿದ. ಗುಂಡೇರಾಯರು ಕಣ್ಣು ಮಿಟುಕಿಸಿದ್ರು. ಅಮೀನಸಾಬರು ಕಣ್ಣಾಗೇ ಬೇಡಿಕೊಂಡ್ರು. ಐದು ಮಂದಿ ಅಹಲ್ಕಾರರ ಮಾರಿ ಒಂದೇ ಥರ ಹುಳ್ಳಗ ಆಗಿದ್ದು ನೋಡಿ ಅವಗ ಏನೋ ಅಂದಾಜಾತು.

"ಅದಾವ್ರಿ ಹುಜೂರ್" ಅಂದ. "ನಿನ್ನಿಂದ ನೆನಿಯಾಕ ಇಟ್ಟೇನ್ರಿ."

"ನೆನಿಯಾಕ! ಎಷ್ಟು?"

ಸಾಯಬಣ್ಣ ಖಾಲಿ ನಡ ಎಣಿಸಿಕೋತ ಬಂದ. ಒಂದು, ಎರಡು, ಮೂರು, ನಾಕು. ನನ್ನ ಮುಂದ ಬಂದು ಬಗ್ಲೂಸು ನೋಡಿ ತಡವರಿಸಿದ. ನನ್ನ ಮಾರಿ ನೋಡಿದ. ನನ್ನನ್ನೊಬ್ಬನ್ನ ಬಿಟ್ರ ನನಗ ಬೇಜಾರು ಆದೀತಂತ ಅವಗ ಅನಿಸಿರಬೇಕು.

"ಐದ್ರಿ ಹುಜೂರ್! ಈ ಸಾಹೇಬ್ರದೂ ಅದರಾಗೇ ಅದರಿ!"

ದೊಡ್ಡ ಸಾಹೇಬ್ರು ಕುರ್ಚಿ ಮ್ಯಾಲ ಧೊಪ್ಪಂತ ಕೂತ್ರು. ಮೊದ್ಲು ಅವ್ರ ಹೆಗಲು ಅಲುಗಾಡಿದ್ವು. ಆಮ್ಯಾಲ ಹೊಟ್ಟಿ. ಆಮ್ಯಾಲ ನಗು ಹೊರಗ ಬಿತ್ತು ನೋಡ್ರಿ, ಹೊರಗ ಕಟ್ಟಿದ ಅವ್ರ ಕುದುರಿ ಬೆದರಿ ಕೆನೀತು! ದಸ್ತಾರ ಓರೆ ಆತು, ಕಣ್ಣಾಗ ನೀರು ಬಂತು. ನಮಗ ನಗಬೇಕೋ ಬ್ಯಾಡೋ ತಿಳೀಲಿಲ್ಲ. ಪೇಶ್ಕಾರರು ನಕ್ರು. ಗುಂಡೇರಾಯರು ನಕ್ರು. ಕಡೀಕ ನಾನೂ ನಕ್ಕೆ, ಎಂದಿನಂಗ ಒಂದು ಘಳಿಗಿ ತಡಾ ಮಾಡಿ.

ನಗು ನಿಂತ ಮ್ಯಾಲ ಅವ್ರು ಹುಕುಂ ಮಾಡಿದ್ರು: ಹದಿನೈದು ದಿನದಾಗ ಪ್ರತಿಯೊಬ್ಬನ ನಡಕ್ಕೂ ಅವನದೇ ಬಗ್ಲೂಸು ಇರಬೇಕು, ಮತ್ತು ಅದು ಒಣಗಿರಬೇಕು. ಆಮ್ಯಾಲ ನನ್ನ ಫೈಲು ತರಿಸಿ, ನನ್ನ ಕಡಿ ಒಂದು ಸಲ ನೋಡಿ, ಏನೋ ಬರದು ಸಹಿ ಮಾಡಿ ಎದ್ದು ಹೋದ್ರು.

ಕುದುರಿ ಸಪ್ಪಳ ಅಡಗಿದ ಮ್ಯಾಲ ನಾ ಅಂಜಿಕೋತ ಸಂಗಾತಿಗಳ ಕಡಿ ತಿರುಗಿದೆ. ಬಗ್ಲೂಸು ಇನ್ನೂ ನಡದಾಗೇ ಇತ್ತು. ಮಾತು ಕೊಟ್ಟು ತಪ್ಪಿದಾಂವ ನಾನು. ಇನ್ನ ಯಾರೂ ನನ್ನ ಕೂಡ ಚಹಾ ಕುಡಿಯಂಗಿಲ್ಲ ಅಂದುಕೊಂಡೆ.

ಗುಂಡೇರಾಯರು ಹತ್ರ ಬಂದ್ರು. ಬಿಲ್ಲೆ ಮ್ಯಾಲಿನ ಹಿಂಡಿ ಬೆರಳಿಲೆ ತಗದು ನಾಲಿಗಿಗೆ ಹಚ್ಚಿಕೊಂಡು, "ಉಪ್ಪು ಬರೋಬ್ಬರಿ ಅದ" ಅಂದ್ರು. ಆಮ್ಯಾಲ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ರು. "ಲೇ ಹುಚ್ಚಪ್ಪಾ! ನೀ ಖರೇ ಹೇಳಿದ್ದಿದ್ರ ನಾವು ನಾಕೂ ಮಂದಿ ಇವತ್ತು ಸತ್ತಿದ್ವಿ. ನಡದಾಗ ಬಗ್ಲೂಸು ಕಟ್ಟಿಕೊಂಡೂ ನಮ್ಮ ಸುಳ್ಳು ಬಿಡಲಿಲ್ಲಲ್ಲೋ ನೀ! ಇದಕ್ಕಿಂತ ದೊಡ್ಡ ದೋಸ್ತಿ ಯಾವುದು?" ಅಮೀನಸಾಬರು ನನ್ನ ಅಪ್ಪಿಕೊಂಡು ಬಿಡಲೇ ಇಲ್ಲ. ನಾ ಅದನ್ನ ದೋಸ್ತಿ ಸಲುವಾಗಿ ಮಾಡ್ಲಿಲ್ಲ, ನಾಲಿಗಿ ಜಾರಿ ಆತು ಅಂತ ಹೇಳೋಣಂತ ಬಾಯಿ ತೆರದೆ. ಎಲ್ಲಾರೂ ದೋಸ್ತಿ ಅಂತಿದ್ರು. ನಾನೂ ದೋಸ್ತಿ ಅಂದೆ.

ಪೇಶ್ಕಾರರು ಫೈಲು ತಗದು ದೊಡ್ಡ ಸಾಹೇಬ್ರು ಬರದದ್ದನ್ನ ಓದಿದ್ರು. ಎಲ್ಲಾರಿಗೂ ತಿಳೀಲಿ ಅಂತ ಕನ್ನಡದಾಗ ಹೇಳಿದ್ರು: "ಸದರಿ ನೌಕರನಿಗೆ ಸುಳ್ಳು ಹೇಳುವ ಯೋಗ್ಯತೆ ಲವಲೇಶವೂ ಇರುವುದಿಲ್ಲ. ಇವನಿಂದ ಸರಕಾರಕ್ಕೆ ಮೋಸವಾಗುವುದು ಅಸಾಧ್ಯ. ಆದಕಾರಣ ಖಾಯಂ ಮಾಡಲಾಗಿದೆ."

ಖಾಯಂ! ಅಲ್ಲೇ ಬಿದ್ದ ದಫ್ತರದ ಗಂಟಿನ ಮ್ಯಾಲ ಕೂತೆ. ಎರಡು ವರ್ಷದಿಂದ ಎದಿ ಮ್ಯಾಲ ಕೂತಿದ್ದ ಕಲ್ಲು ಇಳದಿತ್ತು. ಅಳು ಬಂತು, ನಾಚಿಕಿ ಇಲ್ಲದ ಅತ್ತೆ.

ಸಂಜಿಕ ಮನಿಗೆ ಹೋಗೋ ದಾರ್ಯಾಗ ಮಾತ್ರ ಮನಸು ಬ್ಯಾರೆ ಲೆಕ್ಕ ಹಾಕಾಕತ್ತಿತು. ಹೆಂಡತಿ ಮುಂದ ಇದನ್ನೆಲ್ಲಾ ಇದ್ದದ್ದು ಇದ್ದಂಗ ಹೇಳಬೇಕೇನು? ಒಂದಿಷ್ಟು ತಿದ್ದಿ ಹೇಳಿದ್ರ ಆತಲ್ಲ! ಹೊಸ್ತಲದಾಗ ನಿಂತು ಗಂಭೀರ ದನಿಯೊಳಗ ಅಂದೆ:

"ಸರಕಾರ ನನ್ನ ಪ್ರಾಮಾಣಿಕತೆಯನ್ನು ಮೆಚ್ಚಿ, ನನ್ನನ್ನು ಖಾಯಂ ಮಾಡಿರುತ್ತದೆ."

ನೀಲಮ್ಮ ಒಲಿ ಮುಂದ ಕೂತಾಕಿ ತಿರುಗಿ ನೋಡಿದ್ಲು. ಆಕಿ ಮಾರಿ ಕೆಂಪಗ ಆಗಿತ್ತು, ಕಣ್ಣು ಒದ್ದಿ ಇದ್ವು. ಆಗ ನನಗ ತಿಳೀತು, ಸಾಯಬಣ್ಣನ ಹೆಂಡತಿ ಆಗ್ಲೇ ಬಂದು ಎಲ್ಲಾ ಹೇಳಿ ಹೋಗಿದ್ಲು. ನೀಲಮ್ಮ ಮಧ್ಯಾಹ್ನದಿಂದ ನಕ್ಕೋತ ಕೂತಿದ್ಲು.

"ನಕ್ರೂ ಜೀವ ಕೈಯಾಗ ಹಿಡಕೊಂಡು ಕೂತಿದ್ದೆ ರೀ" ಅಂದ್ಲು, ಸೆರಗಿನಿಂದ ಕಣ್ಣು ಒರಸಿಕೋತ. "ಸಾಕು ಬರ್ರಿ, ಇನ್ನ ಎಲ್ಲೂ ಹೋಗೋದಿಲ್ಲ." ರೊಟ್ಟಿ ಮ್ಯಾಲ ಕೈ ಸಡ್ಲ ಬಿಟ್ಟು ಬೆಣ್ಣಿ ಇಟ್ಲು. ನಾ ಕೈಕಾಲು ತೊಳಕೊಂಡು ಊಟಕ್ಕ ಕೂತೆ. ಆಕಿ ಎದುರಿಗೆ ಕೂತು ನನ್ನ ಮಾರಿನೇ ನೋಡಾಕತ್ತಿದ್ಲು.

"ಖರೇ ಹೇಳ್ರಿ. ನಿಮಗ ಒಂದು ಸುಳ್ಳೂ ನೆಟ್ಟಗ ಹೇಳಾಕ ಬರಂಗಿಲ್ಲೇನ್ರಿ?"

ನಾ ತುತ್ತು ನುಂಗಿ, ಗಂಡಸ್ತನಕ್ಕ ಕುಂದು ಬರಬಾರದಂತ ಎದಿ ಸೆಟಿಸಿ ಅಂದೆ, "ಬರ್ತದ! ಯಾಕ ಬರಂಗಿಲ್ಲ?"

ನೀಲಮ್ಮ ನೀರಿನ ತಂಬಿಗಿ ಕೆಳಗಿಟ್ಟು ಹೊಟ್ಟಿ ಹಿಡಕೊಂಡು ನಕ್ಲು.

"ಇದೂ ನೆಟ್ಟಗ ಬರಲಿಲ್ಲ ಬಿಡ್ರಿ!"